ಹಳದಿ ಇಳಿಸಿದ ಫೋಟೊಗಳು

ಮಾರ್ಚ್ ೩

ಪ್ರೀತಿಯ ಚಿಕ್ಕಮ್ಮ,

ನೀನು ಅಜ್ಜಿಯಾದೆ. ಇನ್ನು ತಲೆಗೆ ಎಷ್ಟು ಬಣ್ಣ ಹಚ್ಚಿಕೊಂಡರೂ ಉಪಯೋಗವಿಲ್ಲ. ಇವರು ಪಂಪ್‌ಹೌಸ್‌ನಿಂದ ನಿಮ್ಮ ಫೋಟೊ ಲ್ಯಾಬ್‌ಗೆ ಫೋನ್ ಮಾಡಿ ‘ಹೆಣ್ಣು ಮಗು, ಇಬ್ಬರೂ ಚೆನ್ನಾಗಿದ್ದಾರೆ’ ಅಂತ ಹೇಳಿ ಇಟ್ಟುಬಿಟ್ಟರಂತೆ. ಅದು ಆಫೀಸಿನ ಫೋನು. ನೀರಿನ ಕೆಲಸಕ್ಕೆ ಬಿಟ್ಟು ಬೇರೆ ಯಾವುದಕ್ಕೂ ಮುಟ್ಟಬಾರದು ಅಂತ ಮೇಲಿನವರು ಗೋಡೆಗೆ ಬರೆದು ಅಂಟಿಸಿದ್ದಾರೆ. ಆದ್ದರಿಂದ ಉಳಿದದ್ದನ್ನೆಲ್ಲ ನಾನು ಬರೆಯುತ್ತಿದ್ದೇನೆ.

ಬಟ್ಟೆಯಲ್ಲಿ ಸುತ್ತಿಟ್ಟರೆ ಪ್ರಯಾಣಕ್ಕೆ ಹೊರಟವರ ಗಂಟಿನ ಹಾಗೆ ಕಾಣುತ್ತಾಳೆ. ಅದಕ್ಕೆ ಸದ್ಯಕ್ಕೆ ‘ಗಂಟು’ ಅಂತಲೇ ಕರೆಯುತ್ತಿದ್ದೇವೆ. ಮೂಗು ಮಾತ್ರ ಅಚ್ಚು ನಿನ್ನದೇ. ಬೇಜಾರು ಮಾಡಿಕೊಳ್ಳಬೇಡ, ಬೆಳೆಯುತ್ತಾ ಸರಿಹೋದರೂ ಹೋಗಬಹುದು. ಎಂಥ ಒಳ್ಳೆಯ ಮಗು ಅಂತೀಯ, ಅಳುವುದೇ ಇಲ್ಲ. ಹಾಲು ಕುಡಿಸಲು ನಾನೇ ಪಾದ ತಟ್ಟಿ ತಟ್ಟಿ ಎಬ್ಬಿಸಬೇಕು. ವಾರ್ಡಿನಲ್ಲಿ ಪಕ್ಕದ ಹಾಸಿಗೆಯವಳ ಮಗ ಗಂಟಲು ಹರಿದುಕೊಳ್ಳುತ್ತಿದ್ದ. ಅವಳು ನಮ್ಮ ಗಂಟಿನ ಕಡೆ ಎಷ್ಟು ಆಸೆಯಿಂದ ನೋಡುತ್ತಿದ್ದಳು ಗೊತ್ತಾ.

ಈಗ ಮುಖ್ಯ ವಿಷಯ. ಇಲ್ಲಿನ ಸ್ಟುಡಿಯೋದವನನ್ನು ಮನೆಗೆ ಬಂದು ಫೋಟೊ ತೆಗೆಯುತ್ತೀರಾ ಅಂತ ಇವರ ಕೈಲಿ ಕೇಳಿಸಿದೆ. ‘ಹುಟ್ಟಿದ ಮಕ್ಕಳೆಲ್ಲ ಒಂದೇ ಥರ ಇರ್ತವೆ ಸಾರ್. ಕೂತ್ಕೊಳ್ಳೋದು ಕಲೀಲಿ, ಆಮೇಲೆ ಕರ್ಕೊಂಡು ಬನ್ನಿ’ ಅಂದನಂತೆ. ನನಗೆ ಮೈಯೆಲ್ಲ ಉರಿದುಹೋಯಿತು. ನೀನು ಮದುವೆಗೆ ಕೊಟ್ಟಿದ್ದ ಕ್ಯಾಮೆರಾವನ್ನು ಪೆಟ್ಟಿಗೆಯಿಂದ ತೆಗೆಸಿ, ರೋಲು ತರಿಸಿ, ನಾನೇ ತೆಗೆದಿದ್ದೇನೆ. ಬೆಳಗ್ಗೆ ಕಿಟಕಿಯಿಂದ ಬಿಸಿಲು ಬರುವಾಗ ಎರಡು ಕುರ್ಚಿ ಜೋಡಿಸಿ, ಹೂವಿನ ಹೊದಿಕೆ ಹಾಸಿ, ಮಲಗಿಸಿ, ನಾನು ಸ್ಟೂಲಿನ ಮೇಲೆ ಹತ್ತುತ್ತೇನೆ. ಇವರು ನನ್ನ ಸೊಂಟ ಹಿಡಿದುಕೊಂಡು ‘ಬಿದ್ದೀಯ, ಬಿದ್ದೀಯ’ ಅಂತ ಜಪ ಮಾಡುತ್ತಾರೆ. ರೋಲು ಇದರ ಜೊತೆಗಿದೆ. ನಿನ್ನ ಕೈಯಿಂದಲೇ ಪ್ರಿಂಟ್ ಆಗಬೇಕು.

ಬೆಳಗಿನ ಬಿಸಿಲಿಗೆ ಹಾಕು ಅಂದದ್ದು ನರ್ಸಮ್ಮ. ‘ಮುಖ ಒಂಚೂರು ಹಳದಿ ಇದೆ. ಸುಮಾರು ಮಕ್ಕಳಿಗೆ ಬರುತ್ತೆ, ಹೋಗುತ್ತೆ. ಎರಡು ವಾರ ಆದ್ರೂ ಹೋಗಿಲ್ಲ ಅಂದ್ರೆ ಸುಮ್ನೆ ಕೂರಬೇಡ, ಕರ್ಕೊಂಡು ಬಾ, ರಕ್ತ ನೋಡ್ಬೇಕಾಗುತ್ತೆ’ ಅಂದರು. ಆ ಪುಟ್ಟ ಕೈಗೆ ಸೂಜಿ ಚುಚ್ಚುವುದನ್ನು ನನ್ನ ಕೈಲಿ ನೋಡಲಾಗುವುದಿಲ್ಲ. ಹೋಗುತ್ತದೆ ಬಿಡು, ಆಗಲೇ ಕಡಿಮೆಯಾದ ಹಾಗಿದೆ.

ನೀನು ಯಾವಾಗ ಬರುತ್ತೀಯ?

ನಿನ್ನ ಮೊಂಡಿ

———

ಮಾರ್ಚ್ ೮

ಮೊಂಡಿ,

ರೋಲು ಬಂತು. ಸ್ಟುಡಿಯೋದವನು ಹೇಳಿದ್ದರಲ್ಲಿ ಅರ್ಧ ಸತ್ಯ ಇದೆ, ಆದರೆ ಆ ಅರ್ಧವನ್ನು ಹೆತ್ತವರ ಮುಂದೆ ಹೇಳಬಾರದು ಅನ್ನುವಷ್ಟು ಬುದ್ಧಿ ಅವನಿಗೆ ಬೇಕಿತ್ತು. ಈ ಮೆಷಿನ್ ಮುಂದೆ ಕೂತು ನಾನು ನೋಡಿರುವ ಮಕ್ಕಳಿಗೆ ಲೆಕ್ಕವಿಲ್ಲ. ಹಾಗಿದ್ದೂ ನಮ್ಮ ಗಂಟಿನ ಮೊದಲ ಚಿತ್ರ ಪರದೆಯ ಮೇಲೆ ಬಂದಾಗ ನನ್ನ ಕೈ ನಿಂತುಹೋಯಿತು. ಹಿಂದೆ ಬಂದು ನಿಂತ ಮ್ಯಾನೇಜರು ‘ಯಾಕ್ರೀ, ಮೆಷಿನ್ ಕೆಟ್ಟಿತಾ’ ಅಂದರು. ‘ಇಲ್ಲ ಸಾರ್, ನಾನು ಕೆಟ್ಟೆ, ಅಜ್ಜಿಯಾಗಿದ್ದೀನಿ’ ಅಂದೆ.

ಈಗ ಬೈಗುಳ. ಒಂದರಲ್ಲಿ ನಿನ್ನ ಹೆಬ್ಬೆರಳು ಅರ್ಧ ಚಿತ್ರ ತುಂಬಿಕೊಂಡಿದೆ. ಇನ್ನೊಂದರಲ್ಲಿ ಮಗುವಿನ ತಲೆಯೇ ಇಲ್ಲ, ಪಾದ ಮಾತ್ರ ಇದೆ. ಆ ಪಾದ ಚೆನ್ನಾಗಿದೆ, ಅದನ್ನು ದೊಡ್ಡದು ಮಾಡಿ ನನ್ನ ಮೆಷಿನ್ ಪಕ್ಕಕ್ಕೆ ಅಂಟಿಸಿಕೊಂಡಿದ್ದೇನೆ. ಆ ಹಳದಿ ಹೂವಿನ ಹೊದಿಕೆಯನ್ನು ಮೊದಲು ಎತ್ತಿಡು. ಅದರ ಬಣ್ಣ ಮಗುವಿನ ಮುಖಕ್ಕೆ ಹೊಡೆಯುತ್ತದೆ. ಬಿಳಿ ಹಾಸು ಹಾಕು. ಒಂದೆರಡರಲ್ಲಿ ನಿನ್ನ ಕೈಯೂ ಇರಲಿ, ಮಗು ಎಷ್ಟು ಪುಟ್ಟದು ಅಂತ ಆಗ ತಿಳಿಯುತ್ತದೆ.

ಒಂದು ಮಾತ್ರ ಹೊಗಳಬೇಕು. ಯಾವ ಮಗುವಿನ ಫೋಟೊದಲ್ಲೂ ಒಂದು ಕೈಯೋ ಕಾಲೋ ಅಲುಗಾಡಿ ಮಸುಕಾಗಿರುತ್ತದೆ. ನಿನ್ನ ಮಗಳದು ಒಂದೊಂದು ರೆಪ್ಪೆಗೂದಲೂ ಎಣಿಸಬಹುದು. ಇಷ್ಟು ಅಲುಗಾಡದೆ ಪೋಸು ಕೊಡುವ ಗಿರಾಕಿಯನ್ನು ನಾನು ನೋಡಿಲ್ಲ.

ಮೆಷಿನ್‌ಗೆ ಬಿಟ್ಟರೆ ಅದು ತನಗೆ ತೋಚಿದ ಬಣ್ಣ ಹಾಕುತ್ತದೆ. ಆದ್ದರಿಂದ ಒಂದೊಂದನ್ನೂ ಕೈಯಾರೆ ಮಾಡಿದ್ದೇನೆ. ಮನುಷ್ಯರ ಚಿತ್ರವಾದರೆ ಮೊದಲು ಚರ್ಮ ನೋಡಬೇಕು ಅಂತ ನನಗೆ ಕೆಲಸ ಕಲಿಸಿದವರು ಹೇಳುತ್ತಿದ್ದರು. ಚರ್ಮ ಸರಿಯಾಗಿ ಬಂದರೆ ಹಿಂದಿನ ಪರದೆ ಯಾವ ಬಣ್ಣಕ್ಕೆ ತಿರುಗಿತು ಅಂತ ಯಾರೂ ಕೇಳುವುದಿಲ್ಲ. ನೋಡು, ಹೇಗೆ ಬಂದಿದ್ದಾಳೆ ಅಂತ.

ಹಳದಿಗೆ ಹೆದರಬೇಡ. ನೀನೂ ಹುಟ್ಟಿದಾಗ ಸ್ವಲ್ಪ ದಿನ ಹಾಗೇ ಇದ್ದೆ. ನಿನ್ನ ಅಮ್ಮ ಊರು ತಲೆ ಮೇಲೆ ಮಾಡಿದ್ದಳು. ಆದರೆ ನರ್ಸಮ್ಮ ಎರಡು ವಾರ ಅಂದರೆ ಎರಡು ವಾರ, ತಿಳಿಯಿತಾ. ಬರುವುದಕ್ಕೆ ರಜೆ ಕೇಳಬೇಕು. ಶಾಲೆಗಳ ಗುಂಪು ಫೋಟೊಗಳು ಬಂದು ಬಿದ್ದಿವೆ, ಈಗ ಕೇಳಿದರೆ ಮ್ಯಾನೇಜರು ಅತ್ತೇಬಿಡುತ್ತಾರೆ.

ಚಿಕ್ಕಮ್ಮ

———

ಮಾರ್ಚ್ ೧೩

ಪ್ರೀತಿಯ ಚಿಕ್ಕಮ್ಮ,

ಲಕೋಟೆ ಬಿಚ್ಚಿದಾಗ ನಾನು ಅತ್ತುಬಿಟ್ಟೆ. ಇವರು ಗಾಬರಿಯಾಗಿ ‘ಏನಂತೆ ಚಿಕ್ಕಮ್ಮಂಗೆ’ ಅಂದರು. ಏನಿಲ್ಲ, ನಮ್ಮ ಮಗು ಇಷ್ಟು ಚೆಂದ ಇದೆ ಅಂತ ನನಗೆ ಗೊತ್ತೇ ಇರಲಿಲ್ಲ. ಕೆನ್ನೆ ಹೇಗೆ ತಿಳಿಗೆಂಪಾಗಿದೆ ನೋಡು. ಪಕ್ಕದ ಮನೆಯ ಟೈಲರ್ ಆಂಟಿ ಕನ್ನಡಕ ಹಾಕಿಕೊಂಡು ಬಂದು ಒಂದೊಂದೇ ನೋಡಿದರು. ‘ಇದನ್ನ ಆ ಸ್ಟುಡಿಯೋದವನ ಮುಖದ ಮುಂದೆ ಹಿಡಿ, ಅವನ ಅಂಗಡಿ ಮುಚ್ಚಲಿ’ ಅಂದರು. ಇವರು ಒಂದನ್ನು ಪಂಪ್‌ಹೌಸ್‌ಗೆ ತೆಗೆದುಕೊಂಡು ಹೋಗಿ, ಫೋನ್ ಮುಟ್ಟಬಾರದು ಅಂತ ಬರೆದ ಕಾಗದದ ಮೇಲೆಯೇ ಅಂಟಿಸಿ ಬಂದಿದ್ದಾರೆ. ಉಳಿದವು ನಮ್ಮ ಕನ್ನಡಿಯ ಸುತ್ತ ಇವೆ. ಮುಖ ನೋಡಿಕೊಳ್ಳಲು ಜಾಗವಿಲ್ಲ, ಬೇಕಾಗಿಯೂ ಇಲ್ಲ.

ಹಳದಿ ಕಥೆ ಮುಗಿಯಿತು ಅಂದುಕೋ. ನನ್ನ ಮನಸ್ಸು ಈಗ ಹಗುರವಾಗಿದೆ.

ನೀನು ಹೇಳಿದ ಹಾಗೆ ಬಿಳಿ ಹಾಸು ಹಾಕಿ ಇನ್ನೊಂದು ರೋಲು ಮುಗಿಸಿದ್ದೇನೆ. ಒಂದರಲ್ಲಿ ನನ್ನ ಕೈ ಅವಳ ತಲೆಯ ಕೆಳಗಿದೆ. ಇನ್ನೊಂದರಲ್ಲಿ ಅವಳ ಮುಷ್ಟಿ ನನ್ನ ಬೆರಳಿನ ಪಕ್ಕದಲ್ಲಿದೆ. ಬೆರಳು ಹಿಡಿದುಕೊಳ್ಳಲಿ ಅಂತ ಎಷ್ಟು ಕಾದರೂ ಹಿಡಿಯಲಿಲ್ಲ. ಸೋಮಾರಿ, ನಿದ್ದೆ ಮಾಡಿಬಿಟ್ಟಳು. ಸ್ಟೂಲಿನಿಂದ ಇಳಿದು, ಮತ್ತೆ ಹತ್ತಿ, ಕಿಟಕಿಯ ಪರದೆ ಸರಿಸಿ, ಇಷ್ಟೆಲ್ಲ ಮಾಡುವವರೆಗೂ ಒಂಚೂರೂ ಕದಲಲಿಲ್ಲ. ದೇವರು ನನಗೆ ಹೇಳಿ ಮಾಡಿಸಿದ ಮಗುವನ್ನೇ ಕೊಟ್ಟಿದ್ದಾನೆ.

ರಜೆ ಕೇಳಿದೆಯಾ ಇಲ್ಲವಾ, ನಿಜ ಹೇಳು.

ಮೊಂಡಿ

———

ಮಾರ್ಚ್ ೧೮

ಮೊಂಡಿ,

ರಜೆ ಕೇಳಿಲ್ಲ. ನಿಜ ಹೇಳು ಅಂದೆಯಲ್ಲ, ಹೇಳಿದ್ದೇನೆ. ಕೇಳುತ್ತೇನೆ.

ಎರಡನೆಯ ರೋಲಿನ ಪ್ರಿಂಟ್‌ಗಳು ಇದರ ಜೊತೆಗಿವೆ. ಮಗು ಚೆನ್ನಾಗಿ ಬಂದಿದೆ. ಆದರೆ ನೀನು ಚೆನ್ನಾಗಿ ಬಂದಿಲ್ಲ. ನಾನು ಈ ಕಾಗದ ಬರೆಯುತ್ತಿರುವುದೇ ಅದಕ್ಕೆ. ನಿನ್ನ ಕೈಗೆ ಏನಾಗಿದೆ? ಮಗುವಿನ ತಲೆಯ ಕೆಳಗಿರುವ ಆ ಕೈ ಬೂದಿ ಬಣ್ಣಕ್ಕೆ ತಿರುಗಿದೆ, ಉಗುರುಗಳು ನೀಲಿಯಾಗಿವೆ. ನಾನು ಆ ಕೈಯನ್ನು ಹಿಡಿದುಕೊಂಡು ರಸ್ತೆ ದಾಟಿಸಿದವಳು, ಅದರ ಬಣ್ಣ ನನಗೆ ಗೊತ್ತಿಲ್ಲವಾ. ಸರಿಯಾಗಿ ಊಟ ಮಾಡುತ್ತಿದ್ದೀಯೋ, ಇಲ್ಲ ಸ್ಟೂಲು ಹತ್ತಿ ಇಳಿಯುವುದೇ ಆಗಿದೆಯೋ? ಹೆರಿಗೆಯಲ್ಲಿ ರಕ್ತ ಜಾಸ್ತಿ ಹೋಯಿತಾ? ಹೋಗಿದ್ದರೂ ನೀನು ನನಗೆ ಹೇಳುವವಳಲ್ಲ. ನಾಳೆಯೇ ಹೋಗಿ ರಕ್ತ ತೋರಿಸು, ಟಾನಿಕ್ ಬರೆಸಿಕೊಂಡು ಬಾ. ಅಳಿಯಂದಿರಿಗೆ ಬೇರೆ ಕಾಗದ ಹಾಕುತ್ತೇನೆ. ಊರಿಗೆಲ್ಲ ನೀರು ಬಿಡುವ ಮನುಷ್ಯನಿಗೆ ಮನೆಯಲ್ಲಿ ಹೆಂಡತಿ ಬಿಳುಚಿಕೊಂಡಿರುವುದು ಕಾಣುವುದಿಲ್ಲವೇ ಅಂತ ಕೇಳಬೇಕು.

ಇನ್ನೊಂದು, ಹಾಸು ಒಗೆಯುವಾಗ ನೀಲಿ ಸುರಿದಿದ್ದೀಯ. ಒಂದು ಬಕೆಟ್‌ಗೆ ಒಂದೆರಡು ಹನಿ ಸಾಕು ಅಂತ ನಿನಗೆ ಎಷ್ಟು ಸಲ ಹೇಳಿಲ್ಲ. ಫೋಟೊದಲ್ಲಿ ಮಗು ಕೆರೆಯ ಮೇಲೆ ತೇಲುತ್ತಿರುವ ಹಾಗಿದೆ.

ನೆಗೆಟಿವ್‌ಗಳು ನನ್ನ ಹತ್ತಿರವೇ ಇರಲಿ. ನೀನು ಕಳೆದುಹಾಕುತ್ತೀಯ.

ಚಿಕ್ಕಮ್ಮ

———

ಮಾರ್ಚ್ ೨೨

ಚಿಕ್ಕಮ್ಮ,

ನಿನ್ನ ಕಾಗದ ಓದಿ ನನ್ನ ಕೈಯನ್ನು ನಾನೇ ತಿರುಗಿಸಿ ತಿರುಗಿಸಿ ನೋಡಿಕೊಂಡೆ. ಇವರಿಗೆ ತೋರಿಸಿದೆ, ಟೈಲರ್ ಆಂಟಿಗೆ ತೋರಿಸಿದೆ. ‘ಇದಕ್ಕೇನು ಧಾಡಿ, ಮೊದಲಿಗಿಂತ ದುಂಡಗಾಗಿದೆ’ ಅಂದರು ಅವರು. ನನ್ನ ರವಿಕೆಗಳನ್ನೆಲ್ಲ ಬಿಡಿಸಿ ಹೊಲಿಯುತ್ತಿರುವವರು ಅವರೇ, ಆದ್ದರಿಂದ ಅವರ ಮಾತು ನಂಬಬಹುದು. ಆಸ್ಪತ್ರೆಯಿಂದ ಕಳಿಸುವಾಗಲೇ ನನ್ನ ರಕ್ತ ನೋಡಿ ಚೆನ್ನಾಗಿದೆ ಅಂದಿದ್ದರು. ಇವರಿಗೆ ನೀನು ಬರೆದ ಕಾಗದವೂ ಬಂತು. ಓದಿದವರೇ ಹಣ್ಣು ತರಲು ಹೋದರು. ಪಾಪ, ಅವರನ್ನು ಯಾಕೆ ಹೆದರಿಸುತ್ತೀಯ.

ಆ ಹಾಸಿನ ಬಟ್ಟೆಗೆ ನಾನು ನೀಲಿ ಹಾಕಿಲ್ಲ. ಹಾಕುವುದೇನು ಬಂತು, ಅದನ್ನು ಇನ್ನೂ ಒಗೆದೇ ಇಲ್ಲ. ಅಂಗಡಿಯಿಂದ ತಂದು, ಮಡಿಕೆ ಬಿಡಿಸಿ, ಹಾಗೇ ಹಾಸಿದ್ದು. ನಿಮ್ಮ ಮೆಷಿನ್‌ಗೇ ಏನೋ ಆಗಿರಬೇಕು. ತೋರಿಸು.

ನೀನು ಬೈಯುತ್ತೀಯ ಅಂತ ಹೇಳಿರಲಿಲ್ಲ, ಈಗ ಹೇಳಿಬಿಡುತ್ತೇನೆ. ಎರಡು ವಾರಕ್ಕೆ ಆಸ್ಪತ್ರೆಗೆ ಹೋಗಲಿಲ್ಲ. ಹೋಗಬೇಕು ಅಂತ ಬಟ್ಟೆ ಹಾಕಿಕೊಂಡು ಹೊರಟಿದ್ದೆ. ಕಣ್ಣಲ್ಲಿ ನೋಡಿದರೆ ಇನ್ನೂ ಹಳದಿ ಇರುವ ಹಾಗೆ ಅನ್ನಿಸುತ್ತಿತ್ತು. ಅಷ್ಟರಲ್ಲಿ ಕನ್ನಡಿಯ ಸುತ್ತ ಅಂಟಿಸಿದ್ದ ನಿನ್ನ ಫೋಟೊಗಳು ಕಂಡವು. ಅದರಲ್ಲಿ ಹಳದಿಯ ಸುಳಿವೂ ಇಲ್ಲ. ಕಿಟಕಿಯ ಪರದೆಯ ಬಣ್ಣಕ್ಕೆ ನನ್ನ ಕಣ್ಣೇ ಮೋಸ ಹೋಗುತ್ತಿದೆ, ಕ್ಯಾಮೆರಾ ಸುಳ್ಳು ಹೇಳುತ್ತದೆಯೇ ಅಂದುಕೊಂಡು ಬಟ್ಟೆ ಬದಲಾಯಿಸಿಬಿಟ್ಟೆ. ಆ ಕೈಗೆ ಸೂಜಿ ಚುಚ್ಚುವುದು ತಪ್ಪಿತಲ್ಲ ಅಂತ ನಿನಗೆ ಮನಸ್ಸಿನಲ್ಲೇ ಒಂದು ಮುತ್ತು ಕೊಟ್ಟೆ.

ಗಂಟು ಆರಾಮಾಗಿದ್ದಾಳೆ. ನಿದ್ದೆ, ನಿದ್ದೆ, ನಿದ್ದೆ. ಸ್ವಲ್ಪ ಕುಡಿಯುವಷ್ಟರಲ್ಲೇ ಕಣ್ಣು ಮುಚ್ಚಿಕೊಳ್ಳುತ್ತಾಳೆ. ಅತ್ತರೂ ಧ್ವನಿ ಸ್ವಲ್ಪ ಒಡಕು, ಮುದುಕರು ಕೆಮ್ಮಿದ ಹಾಗೆ. ನಮಗೆ ನಗು ಬರುತ್ತದೆ.

ಮೊಂಡಿ

———

ಮಾರ್ಚ್ ೨೫

ಮಗಳೇ,

ಇದು ನಿನ್ನ ಕೈಗೆ ಸಿಗುವಷ್ಟರಲ್ಲಿ ನೀನು ಆಸ್ಪತ್ರೆಯಲ್ಲಿರಬೇಕು. ಈಗಷ್ಟೇ ಪಂಪ್‌ಹೌಸ್‌ಗೆ ಫೋನ್ ಮಾಡಿ ಇಟ್ಟೆ. ಫೋನ್ ಎತ್ತಿದವರು ‘ಇದು ನೀರಿನ ಕೆಲಸಕ್ಕೆ ಮಾತ್ರ’ ಅಂದರು. ‘ಮಗುವಿನ ಪ್ರಾಣದ ವಿಷಯ, ಅವರನ್ನ ಕರೀರಿ’ ಅಂದೆ. ಅಳಿಯಂದಿರು ಬಂದರು. ‘ಏನೂ ಕೇಳಬೇಡಿ, ಮಗುವನ್ನ ಈಗಲೇ ಆಸ್ಪತ್ರೆಗೆ ಕರ್ಕೊಂಡು ಹೋಗಿ, ಹಳದಿ ಹೋಗಿಲ್ಲ ಅಂತ ಹೇಳಿ, ಬರೀ ನಿದ್ದೆ ಮಾಡ್ತಾಳೆ ಅಂತಾನೂ ಹೇಳಿ’ ಅಂದೆ. ಅವರು ಏನೂ ಕೇಳಲಿಲ್ಲ. ‘ಆಯ್ತು ಚಿಕ್ಕಮ್ಮ’ ಅಂದು ಇಟ್ಟರು. ಆ ಮನುಷ್ಯನನ್ನು ನಾನು ಇಷ್ಟು ದಿನ ಗೇಲಿ ಮಾಡಿದ್ದಕ್ಕೆಲ್ಲ ಕ್ಷಮೆ ಇರಲಿ.

ಏನಾಯಿತು ಅಂತ ಹೇಳುತ್ತೇನೆ, ಗಟ್ಟಿ ಮನಸ್ಸು ಮಾಡಿಕೊಂಡು ಓದು.

ನಿನ್ನ ಮೊದಲ ರೋಲಿನಲ್ಲಿ ಮಗು ಹಳದಿಯಾಗಿಯೇ ಇತ್ತು. ನಾನು ಅದನ್ನು ಇಳಿಸಿದೆ. ನನ್ನ ಮುಂದೆ ಕೀಲಿಗಳಿವೆ, ಒಂದು ಒತ್ತಿದರೆ ಹಳದಿ ಇಳಿಯುತ್ತದೆ, ಇನ್ನೊಂದು ಒತ್ತಿದರೆ ಕೆಂಪು ಏರುತ್ತದೆ. ಬಲ್ಬಿನ ಬೆಳಕಿನಲ್ಲಿ ತೆಗೆದದ್ದು, ಬಣ್ಣದ ಪರದೆಯ ಪಕ್ಕದಲ್ಲಿ ತೆಗೆದದ್ದು, ಎಲ್ಲ ಹಾಗೇ ಬರುತ್ತವೆ, ನಾವು ಇಳಿಸುತ್ತೇವೆ. ದಿನವಿಡೀ ಮಾಡುವ ಕೆಲಸ ಅದು. ನಿನಗೆ ಹೇಳಬೇಕು ಅಂತ ಕೂಡ ಅನ್ನಿಸಲಿಲ್ಲ. ಅಡುಗೆ ಮಾಡುವಾಗ ಕೈ ತೊಳೆದುಕೊಂಡೆ ಅಂತ ಯಾರಾದರೂ ಕಾಗದ ಬರೆಯುತ್ತಾರಾ. ಹೊದಿಕೆಯ ಬಣ್ಣ ಮುಖಕ್ಕೆ ಹೊಡೆದಿದೆ ಅಂದುಕೊಂಡೆ.

ಎರಡನೆಯ ರೋಲಿಗೂ ಹಾಗೇ ಮಾಡಿದೆ. ಮಗುವಿನ ಮುಖ ನೋಡಿ, ಅದು ತಿಳಿಗೆಂಪಾಗುವವರೆಗೆ ಹಳದಿ ಇಳಿಸಿದೆ. ಫೋಟೊದಲ್ಲಿ ಒಂದು ಕಡೆ ಇಳಿಸಿದರೆ ಎಲ್ಲ ಕಡೆಯೂ ಇಳಿಯುತ್ತದೆ. ಹಳದಿ ಇಲ್ಲದ ಕಡೆ ಇಳಿಸಿದರೆ ನೀಲಿಯಾಗುತ್ತದೆ. ನಿನ್ನ ಹಾಸು ನೀಲಿಯಾದದ್ದು ಅದಕ್ಕೆ, ನಿನ್ನ ಕೈ ಬೂದಿಯಾದದ್ದು ಅದಕ್ಕೆ. ನಾನು ನಿನಗೆ ಕಾಯಿಲೆ ಅಂದುಕೊಂಡೆ. ಈಗ ನೀನು ಹಾಸು ಹೊಸದು, ಕೈ ಸರಿಯಾಗಿದೆ ಅನ್ನುತ್ತಿದ್ದೀಯ. ಹಾಗಾದರೆ ಬೆಳಕಿನಲ್ಲಿ ಹಳದಿ ಇರಲೇ ಇಲ್ಲ. ಇದ್ದದ್ದು ಮಗುವಿನ ಮೈಯಲ್ಲಿ.

ನಿನ್ನ ಕಾಗದ ಓದಿದ ತಕ್ಷಣ ನೆಗೆಟಿವ್ ತೆಗೆದು ಮತ್ತೆ ಮೆಷಿನ್‌ಗೆ ಹಾಕಿದೆ. ಈ ಸಲ ಮಗುವಿನ ಮುಖವನ್ನು ನೋಡಲೇ ಇಲ್ಲ. ಹಾಸು ಬಿಳಿಯಾಗುವ ಹಾಗೆ, ನಿನ್ನ ಕೈ ನಿನ್ನ ಕೈಯ ಬಣ್ಣಕ್ಕೆ ಬರುವ ಹಾಗೆ ಮಾಡಿದೆ. ಹೊರಗೆ ಬಂದ ಪ್ರಿಂಟ್‌ನಲ್ಲಿ ಮಗುವಿನ ಮುಖ ಅರಿಶಿನದ ಹಾಗೆ ಹಳದಿಯಾಗಿತ್ತು. ಆ ಪ್ರಿಂಟನ್ನು ಇದರ ಜೊತೆ ಇಟ್ಟಿದ್ದೇನೆ. ಡಾಕ್ಟರು ಕೇಳಿದರೆ ತೋರಿಸು.

ನಿನ್ನ ಕಣ್ಣು ಸರಿಯಾಗಿಯೇ ನೋಡಿತ್ತು. ಅದನ್ನು ಸುಳ್ಳು ಮಾಡಿದ್ದು ನನ್ನ ಕೈ.

ಚಿಕ್ಕಮ್ಮ

———

ಮಾರ್ಚ್ ೩೧

ಪ್ರೀತಿಯ ಚಿಕ್ಕಮ್ಮ,

ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಬರೆಯುತ್ತಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ, ಗಂಟು ಚೆನ್ನಾಗಿದ್ದಾಳೆ, ಔಷಧಿ ಶುರುವಾಗಿದೆ. ಈಗ ಉಸಿರು ಬಿಟ್ಟು ಮುಂದಕ್ಕೆ ಓದು.

ಅವತ್ತು ಇವರು ಸೈಕಲ್ ತುಳಿದುಕೊಂಡು ಬಂದ ರಭಸಕ್ಕೆ ಬಾಗಿಲಲ್ಲೇ ಬಿದ್ದರು. ಬೂಟಿನ ತುಂಬ ಪಂಪ್‌ಹೌಸ್‌ನ ನೀರು. ‘ಹೊರಡು’ ಅಂದರು. ನಾನು ಹೋಗಲ್ಲ ಅಂದೆ. ಚಿಕ್ಕಮ್ಮನಿಗೆ ಭ್ರಮೆ, ಮೊದಲು ನನ್ನ ಕೈಗೆ ಕಾಯಿಲೆ ತಂದಳು, ಈಗ ಮಗುವಿಗೆ ತರುತ್ತಿದ್ದಾಳೆ ಅಂದೆ. ಇವರು ವಾದ ಮಾಡಲಿಲ್ಲ. ಕನ್ನಡಿಯಿಂದ ಒಂದು ಫೋಟೊ ಕಿತ್ತರು, ಮಗುವನ್ನು ಎತ್ತಿಕೊಂಡು ಅಂಗಳದ ಬೆಳಕಿಗೆ ಹೋದರು, ಅವಳ ಕೆನ್ನೆಯ ಪಕ್ಕ ಆ ಫೋಟೊ ಹಿಡಿದರು. ‘ನೀನೇ ನೋಡು’ ಅಂದರು. ಅಷ್ಟು ದಿನ ಒಮ್ಮೆಯೂ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿರಲಿಲ್ಲ ಚಿಕ್ಕಮ್ಮ. ಫೋಟೊದಲ್ಲಿ ತಿಳಿಗೆಂಪು, ಅವಳ ಕೆನ್ನೆ ಹಳದಿ. ಹೇಗೆ ಆಸ್ಪತ್ರೆ ತಲುಪಿದೆ ಅಂತ ಗೊತ್ತಿಲ್ಲ.

ನರ್ಸಮ್ಮ ನನ್ನನ್ನು ಕಂಡಕೂಡಲೇ ಗುರುತು ಹಿಡಿದರು. ‘ಎರಡು ವಾರ ಅಂದಿದ್ನಲ್ಲಮ್ಮ’ ಅಂದರು, ಅಷ್ಟೇ. ಬೈದಿದ್ದರೆ ಚೆನ್ನಾಗಿತ್ತು. ಡಾಕ್ಟರಮ್ಮ ಮಗುವಿನ ನಾಲಿಗೆ ನೋಡಿದರು, ಹೊಟ್ಟೆ ನೋಡಿದರು, ಎಷ್ಟು ನಿದ್ದೆ ಮಾಡುತ್ತಾಳೆ, ಹೇಗೆ ಅಳುತ್ತಾಳೆ ಅಂತೆಲ್ಲ ಕೇಳಿದರು. ನಾನು ಹೆಮ್ಮೆಯಿಂದ ನಿನಗೆ ಬರೆದದ್ದನ್ನೆಲ್ಲ ಅವರಿಗೂ ಹೇಳಬೇಕಾಯಿತು. ರಕ್ತ ತೆಗೆದರು. ಸೂಜಿ ಚುಚ್ಚಿದಾಗಲೂ ಅವಳು ಸರಿಯಾಗಿ ಅಳಲಿಲ್ಲ. ಅದಕ್ಕೆ ನಾನೇ ಅತ್ತೆ.

ಕುತ್ತಿಗೆಯಲ್ಲಿ ಥೈರಾಯ್ಡ್ ಅಂತ ಒಂದು ಗ್ರಂಥಿ ಇರುತ್ತದಂತೆ. ಅವಳಿಗೆ ಅದು ಹುಟ್ಟಿನಿಂದಲೇ ಸರಿಯಾಗಿ ಕೆಲಸ ಮಾಡುತ್ತಿಲ್ಲ. ಹಳದಿ ಹೋಗದಿರುವುದು, ಆ ನಿದ್ದೆ, ಆ ಒಡಕು ಧ್ವನಿ, ಎಲ್ಲ ಅದರಿಂದಲೇ. ದಿನಕ್ಕೊಂದು ಪುಟ್ಟ ಮಾತ್ರೆ, ಪುಡಿ ಮಾಡಿ ಒಂದು ಚಮಚ ಹಾಲಿನಲ್ಲಿ. ಅಷ್ಟೇ ಔಷಧಿ. ‘ಕೊಡದೇ ಬಿಟ್ಟಿದ್ರೆ?’ ಅಂತ ಇವರು ಕೇಳಿದರು. ‘ಮೆದುಳು ಬೆಳೆಯೋ ಕಾಲ ಇದು. ತಿಂಗಳುಗಟ್ಟಲೆ ಬಿಟ್ಟಿದ್ರೆ ಮಗುವಿನ ಬುದ್ಧಿ ಬೆಳೀತಾ ಇರ್ಲಿಲ್ಲ. ಆಮೇಲೆ ಎಷ್ಟು ಮಾತ್ರೆ ಕೊಟ್ರೂ ವಾಪಸ್ ಬರ್ತಿರ್ಲಿಲ್ಲ’ ಅಂದರು ಡಾಕ್ಟರಮ್ಮ. ನಮ್ಮಿಬ್ಬರ ಮುಖ ನೋಡಿ ‘ಈಗ ಬಂದಿದ್ದೀರಲ್ಲ. ಇದು ಒಳ್ಳೇ ಸಮಯಾನೇ’ ಅಂದರು.

ಚಿಕ್ಕಮ್ಮ, ನೀನು ನನ್ನ ಕೈ ನೋಡಿ ಬೈದು ಬರೆಯದೇ ಇದ್ದಿದ್ದರೆ ಏನಾಗುತ್ತಿತ್ತು ಅಂತ ಯೋಚಿಸಲು ಹೋಗಿ ಅರ್ಧಕ್ಕೇ ನಿಲ್ಲಿಸುತ್ತೇನೆ. ನೀನು ಬದುಕಿರುವಷ್ಟು ದಿನ ನನ್ನ ಕೈ ಹೇಗಿದೆ, ಕಾಲು ಹೇಗಿದೆ ಅಂತ ಬೈಯುತ್ತಲೇ ಇರು. ನಾನು ಎದುರು ಮಾತಾಡುವುದಿಲ್ಲ. ಮಾತಾಡಿದರೂ ಕಡಿಮೆ ಮಾತಾಡುತ್ತೇನೆ.

ಮೊಂಡಿ

———

ಏಪ್ರಿಲ್ ೫

ಮಗಳೇ,

ನಿನ್ನ ಕಾಗದ ಓದಿ ಲ್ಯಾಬಿನ ಕತ್ತಲೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡೆ. ಅಲ್ಲಿ ಅತ್ತರೆ ಯಾರಿಗೂ ಕಾಣುವುದಿಲ್ಲ. ಮ್ಯಾನೇಜರು ಒಂದು ಲೋಟ ನೀರು ತಂದು ಬಾಗಿಲ ಹೊರಗೆ ಇಟ್ಟು ಹೋದರು.

ನೀನು ನನಗೆ ಉಪಕಾರ ಹೇಳಬೇಡ. ಗುಂಡಿ ತೋಡಿದವಳೇ ಬಂದು ಕೈ ಹಿಡಿದು ಎತ್ತಿದರೆ ಅವಳನ್ನು ಹೊಗಳುತ್ತಾರಾ. ನಾನು ಆ ಫೋಟೊಗಳನ್ನು ಇದ್ದ ಹಾಗೇ ಕಳಿಸಿದ್ದರೆ ನೀನು ಆವತ್ತೇ ಬಟ್ಟೆ ಹಾಕಿಕೊಂಡವಳು ಹಾಗೇ ಹೋಗಿರುತ್ತಿದ್ದೆ. ನೀನು ಸೂಜಿಗೆ ಹೆದರಿದೆ, ಅದು ಎಲ್ಲ ತಾಯಂದಿರೂ ಹೆದರುವುದೇ. ನನಗೆ ಯಾವ ಹೆದರಿಕೆಯೂ ಇರಲಿಲ್ಲ. ಚೆಂದ ಕಾಣಲಿ ಅಂತ ಮಾಡಿದೆ, ಅಷ್ಟೇ.

ಇನ್ನು ಮುಂದೆ ಮಗುವಿನ ರೋಲುಗಳನ್ನು ನಿಮ್ಮ ಊರಿನಲ್ಲೇ ಪ್ರಿಂಟ್ ಮಾಡಿಸು. ಇಲ್ಲಿಗೆ ಕಳಿಸಿದರೂ ನಾನು ಬೇರೆಯವರ ಮೆಷಿನ್‌ಗೆ ಕೊಡುತ್ತೇನೆ. ಅವಳ ಮುಖ ಪರದೆಯ ಮೇಲೆ ಬಂದರೆ ನನ್ನ ಬೆರಳು ಆ ಕೀಲಿಯ ಮೇಲೆ ಹೋಗುತ್ತದೆ, ಅದು ನನಗೆ ಬೇಡ. ರಜೆ ಕೊಟ್ಟಿದ್ದಾರೆ. ಆದರೆ ಈಗ ಬರುವ ಮನಸ್ಸಿಲ್ಲ. ಅವಳು ಚೆನ್ನಾಗಿ ಆಗಲಿ.

ಮಾತ್ರೆಯನ್ನು ಹಾಲಿನ ಬಾಟಲಿಗೆ ಹಾಕಬೇಡ, ಪೂರ್ತಿ ಕುಡಿಯದಿದ್ದರೆ ಅರ್ಧ ಉಳಿದುಹೋಗುತ್ತದೆ. ಚಮಚದಲ್ಲೇ ಕೊಡು.

ಚಿಕ್ಕಮ್ಮ

———

ಏಪ್ರಿಲ್ ೧೪

ಚಿಕ್ಕಮ್ಮ,

ಎದುರು ಮಾತಾಡುವುದಿಲ್ಲ ಅಂದಿದ್ದೆ. ಮಾತು ತಪ್ಪುತ್ತಿದ್ದೇನೆ.

ನಿನಗೇನು ತಲೆ ಕೆಟ್ಟಿದೆಯಾ? ನನ್ನ ಮಗುವನ್ನು ಚೆಂದ ಮಾಡಿದ್ದು ತಪ್ಪು ಅಂತ ನಿನಗೆ ಯಾರು ಹೇಳಿದರು? ನರ್ಸಮ್ಮ ಬಾಯಿಬಿಟ್ಟು ಹೇಳಿದ್ದನ್ನು ಬಿಟ್ಟು ಕಾಗದದ ಮೇಲಿನ ಕೆನ್ನೆಯನ್ನು ನಂಬಿದ್ದು ನಾನು. ನನಗೆ ಹೋಗಬಾರದು ಅಂತ ಆಸೆ ಇತ್ತು, ನಿನ್ನ ಫೋಟೊ ಒಂದು ನೆಪವಾಯಿತು. ಅದು ಇಲ್ಲದಿದ್ದರೆ ಇನ್ನೊಂದು ನೆಪ ಹುಡುಕುತ್ತಿದ್ದೆ. ಆದರೆ ಆ ಇನ್ನೊಂದು ನೆಪ ನನಗೆ ಟಾನಿಕ್ ಕುಡಿ ಅಂತ ಕಾಗದ ಬರೆಯುತ್ತಿರಲಿಲ್ಲ. ಪಂಪ್‌ಹೌಸ್‌ಗೆ ಫೋನ್ ಮಾಡುತ್ತಿರಲಿಲ್ಲ.

ಈಗ ಗಂಟಿನ ವಿಷಯ ಕೇಳು. ಅಳುತ್ತಾಳೆ. ಹಾಲಿಗೆ ಅಳುತ್ತಾಳೆ, ಒದ್ದೆಯಾದರೆ ಅಳುತ್ತಾಳೆ, ಒಣಗಿದ್ದರೂ ಅಳುತ್ತಾಳೆ. ಮೊದಲ ಸಲ ಬಾಯಿಬಿಟ್ಟು ಕಿರುಚಿದಾಗ ಟೈಲರ್ ಆಂಟಿ ಕತ್ತರಿ ಕೈಯಲ್ಲೇ ಹಿಡಿದುಕೊಂಡು ಓಡಿಬಂದರು. ನಾನೂ ಇವರೂ ಪಕ್ಕಪಕ್ಕ ಕೂತು, ಅವಳು ಅಳುವುದನ್ನು ನೋಡಿಕೊಂಡು, ಹುಚ್ಚರ ಹಾಗೆ ನಗುತ್ತಿದ್ದೆವು. ‘ಮಗುವನ್ನ ಎತ್ತಿಕೊಳ್ಳೋದು ಬಿಟ್ಟು ಇದೇನ್ರೋ ನಿಮಗೆ’ ಅಂತ ಆಂಟಿ ಇಬ್ಬರಿಗೂ ಬೈದು ತಾವೇ ಎತ್ತಿಕೊಂಡರು. ಕಣ್ಣಿನ ಬಿಳಿ ಈಗ ನಿಜವಾಗಲೂ ಬಿಳಿ. ಬೆರಳು ಕೊಟ್ಟರೆ ಬಿಡಿಸಿಕೊಳ್ಳಲು ಕಷ್ಟಪಡಬೇಕು. ಡಾಕ್ಟರಮ್ಮ ಮತ್ತೆ ರಕ್ತ ನೋಡಿ, ಔಷಧಿ ಹಿಡಿಯುತ್ತಿದೆ ಅಂದರು. ‘ಇನ್ನೂ ಕೆಲವು ವರ್ಷ ನೋಡ್ತಾ ಇರಬೇಕು, ಮಾತ್ರೆ ಒಂದು ದಿನಾನೂ ತಪ್ಪಬಾರದು’ ಅಂತಲೂ ಅಂದರು. ನೋಡುತ್ತಿರುತ್ತೇವೆ. ನಮಗೆ ಅದಕ್ಕಿಂತ ಬೇರೆ ಏನು ಕೆಲಸ.

ಒಂದೊಂದು ಸಲ ಹೆದರಿಕೆಯಾಗುತ್ತದೆ, ಸುಳ್ಳು ಹೇಳುವುದಿಲ್ಲ. ಆಗ ನೀನು ನನ್ನ ಪಕ್ಕದಲ್ಲಿ ಇರಬೇಕು ಅನ್ನಿಸುತ್ತದೆ. ಅಮ್ಮ ಹೋದ ಮೇಲೆ ನನಗೆ ಜ್ವರ ಬಂದಾಗಲೆಲ್ಲ ಲ್ಯಾಬಿನವರು ಏನು ಬೇಕಾದರೂ ಅನ್ನಲಿ ಅಂತ ಮನೆಯಲ್ಲೇ ಕೂರುತ್ತಿದ್ದವಳು ನೀನು. ಈಗ ಅವಳು ಚೆನ್ನಾಗಿ ಆಗಲಿ, ಆಮೇಲೆ ಬರುತ್ತೇನೆ ಅಂತೀಯ. ಚೆನ್ನಾಗಿ ಆದ ಮೇಲೆ ಬರುವುದಕ್ಕೆ ನೆಂಟರಿದ್ದಾರೆ. ನೀನು ಈಗ ಬಾ.

ಮೂರನೆಯ ರೋಲು ಕಳಿಸುತ್ತಿದ್ದೇನೆ. ಬೇರೆಯವರ ಮೆಷಿನ್‌ಗೆ ಕೊಟ್ಟರೆ ನನಗೆ ತಿಳಿಯುತ್ತದೆ. ನಿನ್ನ ಕೈಯ ಬಣ್ಣ ನನಗೂ ಗೊತ್ತು.

ಮೊಂಡಿ

———

ಮೇ ೨೦

ಮೊಂಡಿ,

ನಿಮ್ಮಲ್ಲಿಂದ ಸುಖವಾಗಿ ಬಂದು ತಲುಪಿದೆ. ಬಸ್ಸಿನಲ್ಲಿ ಪಕ್ಕದಲ್ಲಿ ಕೂತಿದ್ದ ಹೆಂಗಸು ‘ನಿಮ್ಮ ಹೆಗಲ ಮೇಲೆ ಏನೋ ಚೆಲ್ಲಿದೆ’ ಅಂದಳು. ‘ಗೊತ್ತು, ನನ್ನ ಮೊಮ್ಮಗಳು ಕಕ್ಕಿದ್ದು’ ಅಂದೆ. ಅವಳು ಸ್ವಲ್ಪ ಸರಿದು ಕೂತಳು. ನನಗೆ ಕಿಟಕಿಯ ಕಡೆ ಜಾಗ ಜಾಸ್ತಿಯಾಯಿತು.

ಅಷ್ಟು ದಿನ ನಿಮ್ಮ ಮನೆಯಲ್ಲಿದ್ದರೂ ಒಂದು ಮಾತು ನಿನಗೆ ಹೇಳಲಿಲ್ಲ. ಬಂದ ದಿನ ನೀನು ಮಗುವನ್ನು ಕೊಡಲು ಬಂದಾಗ ನಾನು ಕೈ ತೊಳೆದುಕೊಂಡು ಬರುತ್ತೇನೆ ಅಂತ ಒಳಗೆ ಹೋಗಿ ತುಂಬ ಹೊತ್ತು ಬರಲಿಲ್ಲವಲ್ಲ. ನೀರಿನ ಮಹಾರಾಯರ ಮನೆಯಲ್ಲಿ ನಲ್ಲಿಯಲ್ಲಿ ನೀರೇ ಇಲ್ಲ ಅಂತ ಆಮೇಲೆ ತಮಾಷೆ ಮಾಡಿದೆ. ನೀರು ಇತ್ತು. ನನಗೆ ಅವಳನ್ನು ಮುಟ್ಟಲು ಧೈರ್ಯ ಇರಲಿಲ್ಲ. ಅಳಿಯಂದಿರು ಬಂದು ಅವಳನ್ನು ನನ್ನ ಕೈಯಲ್ಲಿ ಇಟ್ಟು ಹೊರಟುಹೋದರು. ಅವಳು ನನ್ನ ಮೂಗು ಹಿಡಿದು ಜಗ್ಗಿದಳು. ತನ್ನದು ಯಾರಿಂದ ಬಂತು ಅಂತ ಗೊತ್ತಾಗಿರಬೇಕು. ನಿಮ್ಮಿಬ್ಬರ ಋಣ ನನ್ನ ಮೇಲೆ ಇರಲಿ, ತೀರಿಸುವ ಆಸೆಯೂ ನನಗಿಲ್ಲ.

ಇನ್ನು ಇಲ್ಲಿಯ ಸುದ್ದಿ. ಕೆಲಸಕ್ಕೆ ಬಂದ ಮೊದಲ ದಿನವೇ ಯಾರದೋ ರೋಲು ಬಂತು. ಹುಟ್ಟಿ ಸ್ವಲ್ಪ ದಿನವಾದ ಮಗು, ತೊಟ್ಟಿಲಲ್ಲಿ. ಹಳದಿ. ನನ್ನ ಬೆರಳು ತಾನಾಗಿಯೇ ಕೀಲಿಯ ಮೇಲೆ ಹೋಯಿತು. ಎತ್ತಿದೆ. ಆ ಚಿತ್ರಗಳಲ್ಲಿ ಬಿಳಿ ಅನ್ನುವಂಥದ್ದು ಏನೂ ಇರಲಿಲ್ಲ, ದೊಡ್ಡವರ ಕೈಯೂ ಇರಲಿಲ್ಲ, ಬೆಳಕು ಹಳದಿಯೋ ಮಗು ಹಳದಿಯೋ ಹೇಳುವುದಕ್ಕೆ ದಾರಿಯೇ ಇಲ್ಲ. ಇದ್ದ ಹಾಗೇ ಪ್ರಿಂಟ್ ಮಾಡಿದೆ. ಒಂದು ಚೀಟಿಯಲ್ಲಿ ‘ಮಗು ಫೋಟೊದಲ್ಲಿ ಹಳದಿಯಾಗಿ ಕಾಣುತ್ತಿದೆ. ಬೆಳಕಿನಿಂದ ಇರಬಹುದು. ಅಲ್ಲದಿದ್ದರೆ ದಯವಿಟ್ಟು ಒಮ್ಮೆ ಡಾಕ್ಟರಿಗೆ ತೋರಿಸಿ’ ಅಂತ ಬರೆದು ಲಕೋಟೆಯೊಳಗೆ ಹಾಕಿದೆ. ಮ್ಯಾನೇಜರು ನೋಡಿದರು. ‘ಗಿರಾಕಿ ಜಗಳಕ್ಕೆ ಬಂದ್ರೆ ನಾನು ಏನು ಹೇಳ್ಲಿ’ ಅಂದರು. ‘ನನ್ನ ಹತ್ರ ಕಳಿಸಿ’ ಅಂದೆ.

ನಿನ್ನೆ ಬಂದರು. ಮಗುವಿನ ತಾತ, ದೊಡ್ಡ ಮೀಸೆ, ಕೈಯಲ್ಲಿ ನನ್ನ ಚೀಟಿ. ಅಂಗಡಿಯಲ್ಲಿ ಜನ ತುಂಬಿದ್ದರು. ‘ಯಾರ್ರೀ ಇದನ್ನ ಬರೆದೋರು? ಮನೆಯಲ್ಲಿ ಎಲ್ಲರ ಜೀವ ಬಾಯಿಗೆ ಬಂದಿತ್ತು. ಮಗುವನ್ನ ಎತ್ಕೊಂಡು ಆಸ್ಪತ್ರೆಗೆ ಓಡಿದ್ವಿ. ಡಾಕ್ಟರು ನೋಡಿ, ರಕ್ತ ನೋಡಿ, ಮಗು ಕಲ್ಲುಗುಂಡಿನ ಹಾಗಿದೆ, ಹೋಗಿ ಅಂತ ನಕ್ಕು ಕಳಿಸಿದ್ರು. ನಮ್ಮ ತೊಟ್ಟಿಲ ಮೇಲೆ ಹಳದಿ ಬಲ್ಬಿದೆ ಕಣ್ರೀ, ಬಲ್ಬು. ಫೋಟೊ ಪ್ರಿಂಟ್ ಮಾಡಿ ಅಂದ್ರೆ ಡಾಕ್ಟರಿಕೆ ಮಾಡೋಕೆ ನಿಮಗೆ ಯಾರು ಹೇಳಿದ್ರು?’ ಅಂತ ಶುರು ಮಾಡಿದವರು ನಿಲ್ಲಿಸಲೇ ಇಲ್ಲ. ನನ್ನ ಕೆಲಸ, ನನ್ನ ಕಣ್ಣು, ನನ್ನ ಬುದ್ಧಿ, ಒಂದನ್ನೂ ಬಿಡಲಿಲ್ಲ. ನಾನು ಕೌಂಟರಿನ ಹಿಂದೆ ಕೈಕಟ್ಟಿ ನಿಂತು ‘ಹೌದು ಸಾರ್, ತಪ್ಪಾಯ್ತು ಸಾರ್, ಮಗು ಚೆನ್ನಾಗಿದೆ ತಾನೆ ಸಾರ್’ ಅನ್ನುತ್ತಿದ್ದೆ. ‘ಚೆನ್ನಾಗಿದೆ ಅಂತ ಎಷ್ಟು ಸಲ ಹೇಳ್ಲಿ’ ಅಂತ ಅವರು ಇನ್ನೂ ಜೋರಾಗಿ ಕಿರುಚಿದರು.

ಅಷ್ಟು ಸಂತೋಷವಾಗಿ ಬೈಸಿಕೊಂಡದ್ದು ನನ್ನ ಜೀವಮಾನದಲ್ಲೇ ಇಲ್ಲ.

ಚಿಕ್ಕಮ್ಮ